ಮಕ್ಕಳಿಗೆ ಗೋಪಾಲನನ್ನು ಕೊಟ್ಟ ಕುವೆಂಪು



ಈ ಸಲದ ಗೋಡೆ ಪತ್ರಿಕೆಗೆ ಮಹನೀಯರೊಬ್ಬರ ಜೀವನ ಬರೆಯಿರಿ ಎಂದು ನಮ್ಮ ಕನ್ನಡ ಮೇಷ್ಟ್ರು ಹೇಳಿದಾಗ ನಾನು ಕುವೆಂಪು ಅವರನ್ನು ಆರಿಸಿಕೊಂಡೆ. ಎಲ್ಲರಿಗೂ ಗೊತ್ತಿರುವವರ ಬಗ್ಗೆ ಹೊಸದೇನು ಬರೀತೀಯ ಅಂತ ಗೆಳತಿಯರು ನಕ್ಕರು. ನಿಜ, ದಿನಾ ಬೆಳಿಗ್ಗೆ ನಾವು ಹಾಡುವ ನಾಡಗೀತೆ ಅವರದೇ. ಆದರೆ ಅವರು ನಮ್ಮಂಥ ಮಕ್ಕಳಿಗೆ ಬರೆದ ಒಂದು ಚಿಕ್ಕ ನಾಟಕದಿಂದ ನಮ್ಮ ಮನೆಯಲ್ಲಿ ಒಂದು ಗಲಾಟೆಯೇ ಆಯಿತು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಅವರ ಜೀವನ.

ಕುವೆಂಪು ಎಂದರೆ ಕುಪ್ಪಳಿ ವೆಂಕಟಪ್ಪಗೌಡ ಪುಟ್ಟಪ್ಪ. ಇವರು 1904ನೇ ಇಸವಿ ಡಿಸೆಂಬರ್ 29ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದರು. ಅದು ತಾಯಿಯ ತವರು. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ತಂದೆ ವೆಂಕಟಪ್ಪಗೌಡರು, ತಾಯಿ ಸೀತಮ್ಮನವರು. ಮನೆಯ ಸುತ್ತ ಕಾಡು, ಮಳೆ, ಹಕ್ಕಿಗಳ ದನಿ. ಹನ್ನೆರಡು ವರ್ಷಕ್ಕೇ ಅವರು ತಂದೆಯನ್ನು ಕಳೆದುಕೊಂಡರು. ಅಂದರೆ ನನಗಿಂತ ಒಂದು ವರ್ಷ ಚಿಕ್ಕವರಾಗಿದ್ದಾಗ! ಇದನ್ನು ಓದಿ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ತೀರ್ಥಹಳ್ಳಿಯಲ್ಲಿ ಓದಿ ಮುಂದೆ ಮೈಸೂರಿಗೆ ಹೋದರು. ಮೊದಮೊದಲು ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದರು. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಎಂಬುವರು ಮೈಸೂರಿಗೆ ಬಂದಿದ್ದಾಗ ಆ ಪದ್ಯಗಳನ್ನು ನೋಡಿ, ನಿನ್ನ ತಾಯಿನುಡಿಯಲ್ಲೇ ಬರಿ ಎಂದು ಬುದ್ಧಿ ಹೇಳಿದರು. ದೂರದೇಶದವರು ಬಂದು ಕನ್ನಡದಲ್ಲಿ ಬರೆಯಲು ಹೇಳಬೇಕಾಯಿತು ನೋಡಿ!

ಮೈಸೂರಿನಲ್ಲಿ ಓದುವಾಗ ಅವರು ಮನೆಯಿಂದ ದೂರ ಇದ್ದರು. ಒಂದು ಸಲ ಕಾಯಿಲೆ ಬಿದ್ದರು. ಆಗ 1926. ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಅವರನ್ನು ಆಶ್ರಮಕ್ಕೆ ಕರೆದುಕೊಂಡು ಹೋಗಿ ನೋಡಿಕೊಂಡರು. ಆಮೇಲೆ ಸುಮಾರು ಹತ್ತು ವರ್ಷ ಅವರು ಆಶ್ರಮದಲ್ಲೇ ಇದ್ದರು. 1929ರಲ್ಲಿ ಬೇಲೂರು ಮಠದ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದರು. ಈ ಬೇಲೂರು ನಮ್ಮ ಹಾಸನ ಜಿಲ್ಲೆಯದಲ್ಲ, ಕಲ್ಕತ್ತದ ಹತ್ತಿರದ್ದು.

ಮಕ್ಕಳಿಗಾಗಿ ಅವರು ಹೆಚ್ಚು ಬರೆದದ್ದು ಈ ಕಾಲದಲ್ಲೇ. ಕಿಂದರಿಜೋಗಿ ಪದ್ಯ ನಮಗೆಲ್ಲ ಗೊತ್ತು. ಅದರ ಮೂಲ ಬ್ರೌನಿಂಗ್ ಎಂಬ ಇಂಗ್ಲಿಷ್ ಕವಿಯದು, ಕತೆ ಜರ್ಮನಿಯ ಹ್ಯಾಮೆಲಿನ್ ಊರಿನದು. ಕುವೆಂಪು ಅದನ್ನು ಬೊಮ್ಮನಹಳ್ಳಿಗೆ ತಂದರು. ಇಲಿ ಓಡಿಸಿದರೆ ಹಣ ಕೊಡ್ತೀನಿ ಅಂತ ಹೇಳಿದ ದೊಡ್ಡವರು ಮಾತು ತಪ್ಪಿದ್ದಕ್ಕೆ ಊರಿನ ಮಕ್ಕಳೇ ಜೋಗಿಯ ಹಿಂದೆ ಹೊರಟುಹೋದರು. ಮಾತು ತಪ್ಪುವುದು ದೊಡ್ಡ ಪಾಪ ಎಂದು ಯಾರೂ ಉಪದೇಶ ಮಾಡದೆ ನಮಗೆ ಗೊತ್ತಾಗುತ್ತದೆ.

ನಾನು ಹೇಳಬೇಕೆಂದಿದ್ದ ನಾಟಕ ನನ್ನ ಗೋಪಾಲ. 1930ರಲ್ಲಿ ಪ್ರಕಟವಾಯಿತು. ಇದರ ಮೂಲ ಬಂಗಾಳದ ಕಡೆಯ ಕತೆ. ಶ್ರೀ ರಾಮಕೃಷ್ಣ ಪರಮಹಂಸರು ಇದನ್ನು ಹೇಳುತ್ತಿದ್ದರಂತೆ, ಸ್ವಾಮಿ ವಿವೇಕಾನಂದರೂ ಬರೆದಿದ್ದಾರೆ. ತಂದೆಯಿಲ್ಲದ ಬಡ ಹುಡುಗ. ಕಾಡು ದಾಟಿ ಒಬ್ಬನೇ ಪಾಠಶಾಲೆಗೆ ಹೋಗಬೇಕು. ಭಯ ಆಗುತ್ತೆ ಅಂತ ಅಮ್ಮನಿಗೆ ಹೇಳುತ್ತಾನೆ. ಅಮ್ಮನ ಹತ್ತಿರ ಜೊತೆಗೆ ಕಳಿಸಲು ಆಳಿಲ್ಲ. ಕಾಡಿನಲ್ಲಿ ದನ ಕಾಯುವ ನಿನ್ನ ಅಣ್ಣ ಗೋಪಾಲ ಇದ್ದಾನೆ, ಭಯವಾದರೆ ಅವನನ್ನು ಕೂಗು ಎನ್ನುತ್ತಾಳೆ. ಹುಡುಗ ನಂಬಿ ಕೂಗುತ್ತಾನೆ. ಕೃಷ್ಣನೇ ಬಂದು ಕೈ ಹಿಡಿದು ಕಾಡು ದಾಟಿಸುತ್ತಾನೆ. ಗುರುಗಳ ಮನೆಯಲ್ಲಿ ಒಂದು ದಿನ ದೊಡ್ಡ ಊಟ. ಎಲ್ಲರೂ ಏನೇನೋ ಕಾಣಿಕೆ ತರುತ್ತಾರೆ. ಇವನು ಅಣ್ಣ ಕೊಟ್ಟ ಪುಟ್ಟ ಗಡಿಗೆಯಲ್ಲಿ ಮೊಸರು ತರುತ್ತಾನೆ. ಎಷ್ಟು ಬಡಿಸಿದರೂ ಅದು ಮುಗಿಯುವುದೇ ಇಲ್ಲ! ಗುರುಗಳು ಬೆರಗಾಗಿ ಆ ಅಣ್ಣನನ್ನು ನೋಡಲು ಕಾಡಿಗೆ ಹೋಗುತ್ತಾರೆ. ಅಷ್ಟೆಲ್ಲ ಓದಿದವರಿಗೆ ಅವನು ಕಾಣಿಸುವುದಿಲ್ಲ.

ಈ ಕತೆಯನ್ನು ನಾನು ಎರಡನೇ ಕ್ಲಾಸಿನ ನನ್ನ ತಮ್ಮನಿಗೆ ಹೇಳಿದೆ. ಗಲಾಟೆ ಆದದ್ದು ಆಗಲೇ. ನಮ್ಮ ಮೂಡಲಪಾಳ್ಯ ಈಗ ಬೆಂಗಳೂರಿನೊಳಗೇ ಸೇರಿಹೋಗಿದೆ, ಅಜ್ಜಿ ಮಾತ್ರ ಇನ್ನೂ ಊರು ಅಂತಲೇ ಹೇಳುತ್ತಾರೆ. ಇಲ್ಲಿ ಕಾಡಿಲ್ಲ, ಆದರೆ ಬೀದಿನಾಯಿಗಳಿವೆ. ನಾನು ಸಂಜೆ ಖೋಖೋ ಆಡಲು ಉಳಿದುಕೊಂಡು ತಮ್ಮನನ್ನು ಒಬ್ಬನನ್ನೇ ಮನೆಗೆ ಕಳಿಸುತ್ತಿದ್ದೆ. ಅವನು ಗಲ್ಲಿಯ ಮೂಲೆಯಲ್ಲಿ ನಿಂತು ಗೋಪಾಲಣ್ಣ, ಗೋಪಾಲಣ್ಣ ಅಂತ ಕೂಗಿದನಂತೆ. ಯಾರೂ ಬರಲಿಲ್ಲ. ನಾಯಿಗಳು ಬೊಗಳಿಕೊಂಡು ಬಂದವು. ಬ್ಯಾಗು ಬಿಟ್ಟು ಓಡಿಬಂದ. ನಾನು ಮನೆಗೆ ಹೋದಾಗ ಅಕ್ಕ ಸುಳ್ಳು ಹೇಳಿದಳು ಅಂತ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅಮ್ಮ ನನ್ನನ್ನು ಚೆನ್ನಾಗಿ ಬೈದರು.

ನನಗೂ ಕೋಪ ಬಂತು. ಕುವೆಂಪು ಮೇಲೇ ಬಂತು ಅಂದರೂ ತಪ್ಪಿಲ್ಲ. ಯಾಕೆಂದರೆ ಮೂಢನಂಬಿಕೆ ಬಿಡಿ, ಪುರೋಹಿತರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಡಿ, ನಿಮ್ಮ ಬುದ್ಧಿಯಿಂದ ಯೋಚಿಸಿ ಎಂದು ಜೀವನವೆಲ್ಲ ಹೇಳಿದವರು ಅವರು. ಪುರೋಹಿತರು, ವರದಕ್ಷಿಣೆ ಇಲ್ಲದ ಮಂತ್ರಮಾಂಗಲ್ಯ ಎಂಬ ಸರಳ ಮದುವೆಯನ್ನು ತಂದವರೂ ಅವರೇ. ಅಂಥವರು ದೇವರು ಬಂದು ಮೊಸರು ಕೊಟ್ಟ ಅಂತ ಯಾಕೆ ಬರೆದರು?

ಮೇಷ್ಟ್ರನ್ನು ಕೇಳಿದೆ. ಅವರು ಉತ್ತರ ಹೇಳಲಿಲ್ಲ, ಜಲಗಾರ ನಾಟಕದ ಕತೆ ಹೇಳಿದರು. ಅದು 1928ರದು. ಬೀದಿ ಗುಡಿಸುವವನನ್ನು ದೇವಸ್ಥಾನದೊಳಗೆ ಬಿಡುವುದಿಲ್ಲ. ಶಿವನೇ ಕಸ ಗುಡಿಸುವವನ ವೇಷದಲ್ಲಿ ಅವನ ಬಳಿಗೆ ಬರುತ್ತಾನೆ. ಆಗ ನನಗೆ ಸ್ವಲ್ಪ ಹೊಳೆಯಿತು. ಎರಡರಲ್ಲೂ ದೇವರು ದೊಡ್ಡವರ ಮನೆಗೆ ಹೋಗಲ್ಲ. ಯಾರಿಗೆ ಯಾರೂ ಇಲ್ಲವೋ ಅವರ ಹತ್ತಿರ, ಅವರಂಥವನೇ ಆಗಿ ಬರುತ್ತಾನೆ. ದನಗಾಹಿಯಾಗಿ ಬರುತ್ತಾನೆ, ಜಲಗಾರನಾಗಿ ಬರುತ್ತಾನೆ. ಹೆದರಿಸಿ ಕಾಣಿಕೆ ಕೇಳುವ ದೇವರು ಕುವೆಂಪು ಅವರಿಗೆ ಬೇಡವಾಗಿತ್ತು. ಕೈ ಹಿಡಿಯುವ ದೇವರು ಬೇಕಾಗಿತ್ತು.

ಇನ್ನೊಂದು ವಿಷಯ ಓದಿ ನನಗೆ ಮೈ ಜುಂ ಎಂದಿತು. ಕಾಯಿಲೆ ಬಿದ್ದ ಕುವೆಂಪು ಅವರನ್ನು ಆಶ್ರಮಕ್ಕೆ ಕರೆದೊಯ್ದ ಸ್ವಾಮಿ ಸಿದ್ಧೇಶ್ವರಾನಂದರನ್ನು ಎಲ್ಲರೂ ಕರೆಯುತ್ತಿದ್ದ ಹೆಸರು ಗೋಪಾಲ ಮಹಾರಾಜ್! ತಂದೆಯಿಲ್ಲದ ಹುಡುಗನಿಗೆ ಒಬ್ಬ ಗೋಪಾಲ ನಿಜವಾಗಿಯೂ ಬಂದಿದ್ದರು. ನಾಟಕ ಬರೆಯುವಾಗ ಅವರಿಗೆ ಇದು ನೆನಪಾಗಿರಬಹುದು ಅಂತ ನನಗೆ ಅನ್ಸುತ್ತೆ. ಇದು ನನ್ನ ಊಹೆ ಅಷ್ಟೇ.

ಮುಂದೆ ಕುವೆಂಪು ಬಹಳ ದೊಡ್ಡವರಾದರು. 1937ರಲ್ಲಿ ಹೇಮಾವತಿಯವರನ್ನು ಮದುವೆಯಾದರು. ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯ ಬರೆದರು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. 1964ರಲ್ಲಿ ರಾಷ್ಟ್ರಕವಿಯಾದರು. 1967ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದರು, ಕನ್ನಡಕ್ಕೆ ಅದೇ ಮೊದಲು. 1992ರಲ್ಲಿ ಕರ್ನಾಟಕ ರತ್ನ ಬಂತು. 1994ನೇ ಇಸವಿ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡರು. ಕುಪ್ಪಳಿಯ ಕವಿಶೈಲದಲ್ಲಿ ಅವರ ಸಮಾಧಿ ಇದೆ. ಅವರು ಬೆಳೆದ ಮನೆ ಈಗ ವಸ್ತುಸಂಗ್ರಹಾಲಯ. ದೊಡ್ಡವಳಾದ ಮೇಲೆ ನೋಡಲೇಬೇಕು ಅಂತ ಆಸೆ.

ತಮ್ಮನಿಗೆ ಇದನ್ನೆಲ್ಲ ವಿವರಿಸಲು ಹೋದೆ. ಅವನಿಗೆ ಏನೂ ಅರ್ಥ ಆಗಲಿಲ್ಲ. ಈಗ ಸಂಜೆ ಅವನು ಮೈದಾನದ ಕಟ್ಟೆ ಮೇಲೆ ಕೂತು ನಮ್ಮ ಖೋಖೋ ನೋಡುತ್ತಾನೆ. ಆಟ ಮುಗಿದ ಮೇಲೆ ನಾವಿಬ್ಬರೂ ಕೈ ಹಿಡಿದುಕೊಂಡು ಆ ಗಲ್ಲಿ ದಾಟುತ್ತೇವೆ. ನಾಯಿ ಕಂಡರೆ ನನಗೂ ಭಯವೇ. ಅವನಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಗೆಳೆಯರೇ, ನಿಮ್ಮ ಮನೆಯಲ್ಲೂ ಚಿಕ್ಕವರು ಇರುತ್ತಾರೆ. ಅವರಿಗೆ ಗೋಪಾಲನ ಕತೆ ಹೇಳಿ, ಆದರೆ ಹೇಳಿ ಅವರನ್ನು ಒಬ್ಬರನ್ನೇ ಕಳಿಸಬೇಡಿ. ನನ್ನ ಬರಹದಲ್ಲಿ ತಪ್ಪಿದ್ದರೆ ದಯವಿಟ್ಟು ತಿದ್ದಿ.

ಇಂತಿ,
ಏಳನೆಯ ತರಗತಿಯ ವಿದ್ಯಾರ್ಥಿನಿ, ಮೂಡಲಪಾಳ್ಯ