ಬಾಂಬಿಗೆ ನಿಲ್ಲದ ಕಾರ್ಖಾನೆ, ಎಂಜಿನ್ ಸಿಗದ ವಿಮಾನ

ಕೆಂಗೇರಿಯಲ್ಲಿ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ವಿಶ್ವೇಶ್ವರಯ್ಯ ಮ್ಯೂಸಿಯಂ ನಡೆದು ಹೋಗುವಷ್ಟು ಹತ್ತಿರ. ಶಾಲಾ ಪ್ರವಾಸಕ್ಕೆ ಹೋಗಿ ಅಲ್ಲಿನ ಆವರಣದ ಯುದ್ಧವಿಮಾನದ ಮುಂದೆ ಫೋಟೊ ತೆಗೆಸಿಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ಅದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದ ಎಚ್‌ಎಫ್-24 ಮಾರುತ. ಅದನ್ನು ವಿನ್ಯಾಸ ಮಾಡಿದವರು ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬುದು ನನಗೆ ಬಿಇ ಸೇರಿದ ಮೇಲಷ್ಟೇ ಗೊತ್ತಾಯಿತು.

ಟ್ಯಾಂಕ್ ಹುಟ್ಟಿದ್ದು 1898ರಲ್ಲಿ, ಈಗ ಪೋಲೆಂಡ್‌ನಲ್ಲಿರುವ ಬ್ರೊಂಬೆರ್ಗ್ ಪಟ್ಟಣದಲ್ಲಿ. ಮೊದಲ ಮಹಾಯುದ್ಧದಲ್ಲಿ ಅಶ್ವದಳದ ಸೈನಿಕರಾಗಿದ್ದರು. ಆಮೇಲೆ ಬರ್ಲಿನ್‌ನಲ್ಲಿ ಎಂಜಿನಿಯರಿಂಗ್ ಓದಿ, 1931ರಲ್ಲಿ ಬ್ರೆಮೆನ್ ನಗರದ ಫೋಕ್-ವುಲ್ಫ್ ಕಂಪನಿ ಸೇರಿದರು. ತಾವು ರೂಪಿಸಿದ ವಿಮಾನಗಳನ್ನು ತಾವೇ ಹಾರಿಸಿ ನೋಡುವುದು ಅವರ ರೂಢಿ. ಅವರ ಕಾಂಡೋರ್ ವಿಮಾನ 1938ರಲ್ಲಿ ಬರ್ಲಿನ್‌ನಿಂದ ನ್ಯೂಯಾರ್ಕ್‌ಗೆ ಎಲ್ಲೂ ಇಳಿಯದೆ ಸುಮಾರು 25 ಗಂಟೆಗಳಲ್ಲಿ ಹಾರಿತು. ಮರುವರ್ಷ ಫೋಕ್-ವುಲ್ಫ್ 190 ಮೊದಲ ಬಾರಿ ಮೇಲೇರಿತು. ಯುದ್ಧ ಮುಗಿಯುವುದರೊಳಗೆ ಈ ಮಾದರಿಯ 20,000ಕ್ಕೂ ಹೆಚ್ಚು ವಿಮಾನಗಳು ತಯಾರಾದವು.

ಶತ್ರುದೇಶದ ಕಾರ್ಖಾನೆ, ರೈಲು, ನಗರಗಳ ಮೇಲೆ ಬಾಂಬ್ ಸುರಿದರೆ ಯುದ್ಧ ಬೇಗ ಮುಗಿಯುತ್ತದೆ ಎಂಬುದು ಬ್ರಿಟನ್ ಮತ್ತು ಅಮೆರಿಕದ ಲೆಕ್ಕವಾಗಿತ್ತು. ಟ್ಯಾಂಕ್ ಅವರ ಕಾರ್ಖಾನೆಯೂ ಆ ಪಟ್ಟಿಯಲ್ಲಿತ್ತು. 1943ರ ಏಪ್ರಿಲ್ 17ರಂದು ನೂರಕ್ಕೂ ಹೆಚ್ಚು ಅಮೆರಿಕನ್ ಬಾಂಬರ್‌ಗಳು ಬ್ರೆಮೆನ್‌ನ ಫೋಕ್-ವುಲ್ಫ್ ಕಾರ್ಖಾನೆಯ ಮೇಲೆ ಎರಗಿದವು. ಅವುಗಳಲ್ಲಿ 16 ಮರಳಲಿಲ್ಲ. ಅಷ್ಟು ಹೊತ್ತಿಗೆ ಕಂಪನಿ ತನ್ನ ಕೆಲಸವನ್ನು ಪೂರ್ವದ ಊರುಗಳಿಗೆ ಹಂಚತೊಡಗಿತ್ತು. ಅಕ್ಟೋಬರ್‌ನಲ್ಲಿ ಮರಿಯೆನ್‌ಬುರ್ಗ್ ಘಟಕದ ಮೇಲೆ ಗುರಿ ತಪ್ಪದ ದಾಳಿ ನಡೆಯಿತು. ಆದರೂ ಜರ್ಮನಿಯ ವಿಮಾನ ತಯಾರಿಕೆ ನಿಲ್ಲಲಿಲ್ಲ. 1943ರಲ್ಲಿ ಸುಮಾರು 25,000 ಇದ್ದದ್ದು 1944ರಲ್ಲಿ ಸುಮಾರು 40,000ಕ್ಕೆ ಏರಿತು.

ಹಾಗಾದರೆ ಬಾಂಬ್ ದಾಳಿ ದಂಡವಾಯಿತೇ? ಪೂರ್ತಿ ಹಾಗೆ ಹೇಳಲಾಗದು. 1944ರ ಮೇ ತಿಂಗಳಿಂದ ಬಾಂಬರ್‌ಗಳು ಕಲ್ಲಿದ್ದಲಿನಿಂದ ಪೆಟ್ರೋಲ್ ತೆಗೆಯುವ ಸ್ಥಾವರಗಳ ಕಡೆ ತಿರುಗಿದವು. ಏಪ್ರಿಲ್‌ನಲ್ಲಿ ಸುಮಾರು 1.75 ಲಕ್ಷ ಟನ್ ಇದ್ದ ವಿಮಾನ ಇಂಧನದ ಉತ್ಪಾದನೆ ಸೆಪ್ಟೆಂಬರ್ ಹೊತ್ತಿಗೆ ಅದರ ಹತ್ತನೇ ಒಂದು ಪಾಲಿಗಿಂತ ಕೆಳಗಿಳಿಯಿತು. ಹೊಸ ವಿಮಾನಗಳು ಸಾಲಾಗಿ ನಿಂತಿದ್ದವು, ಹಾರಿಸಲು ಪೆಟ್ರೋಲ್ ಇರಲಿಲ್ಲ. ಹೊಸ ಪೈಲಟ್‌ಗಳ ತರಬೇತಿಗೂ ಇಂಧನ ಸಿಗಲಿಲ್ಲ. ಕಾರ್ಖಾನೆಯ ಗೋಡೆ ಒಡೆದದ್ದಕ್ಕಿಂತ ಟ್ಯಾಂಕಿ ಬರಿದಾದದ್ದೇ ಜರ್ಮನಿಯ ವಾಯುಪಡೆಗೆ ದೊಡ್ಡ ಏಟಾಯಿತು.

ಈ ಲೆಕ್ಕದ ನಡುವೆ ಮನುಷ್ಯರನ್ನು ಮರೆಯಬಾರದು. ಜರ್ಮನಿಯ ನಗರಗಳಲ್ಲಿ ಲಕ್ಷಾಂತರ ನಾಗರಿಕರು ಬಾಂಬಿಗೆ ಸತ್ತರು. ಅತ್ತ ಫೋಕ್-ವುಲ್ಫ್ ಕಾರ್ಖಾನೆಗಳಲ್ಲಿ ಬೇರೆ ದೇಶಗಳಿಂದ ಹಿಡಿದು ತಂದವರನ್ನು ಬಲವಂತವಾಗಿ ದುಡಿಸಿಕೊಳ್ಳಲಾಗಿತ್ತು. ಟ್ಯಾಂಕ್ ಜಾಣ ಎಂಜಿನಿಯರ್ ಎನ್ನುವುದು ಎಷ್ಟು ನಿಜವೋ, ಅವರು ದುಡಿದದ್ದು ಹಿಟ್ಲರನ ಯುದ್ಧಕ್ಕೆ ಎನ್ನುವುದೂ ಅಷ್ಟೇ ನಿಜ.

ಯುದ್ಧ ಮುಗಿದ ಮೇಲೆ ಅವರು ಅರ್ಜೆಂಟೀನಾಕ್ಕೆ ಹೋಗಿ ಜೆಟ್ ವಿಮಾನ ಕಟ್ಟಿದರು. 1955ರಲ್ಲಿ ಅಲ್ಲಿನ ಸರ್ಕಾರ ಉರುಳಿತು. ಮರುವರ್ಷ ಸಣ್ಣ ತಂಡದೊಂದಿಗೆ ಬೆಂಗಳೂರಿಗೆ ಬಂದರು. ಅವರು ಕೆಲಸಕ್ಕೆ ಸೇರಿದ್ದು ಎಂಥ ಜಾಗ ನೋಡಿ. 1940ರಲ್ಲಿ ಶುರುವಾದ ಈ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳನ್ನು ರಿಪೇರಿ ಮಾಡುತ್ತಿತ್ತು. ಯುದ್ಧದ ನಂತರ ಇಲ್ಲೇ ಬಿಟ್ಟುಹೋದ ಲಿಬರೇಟರ್ ಬಾಂಬರ್‌ಗಳನ್ನು ಸರಿಪಡಿಸಿ 1948ರಿಂದ ನಮ್ಮ ವಾಯುಪಡೆಗೆ ಕೊಟ್ಟದ್ದೂ ಇಲ್ಲಿನ ಕೆಲಸಗಾರರೇ. ಜರ್ಮನಿಯ ಮೇಲೆ ಬಾಂಬ್ ಸುರಿದದ್ದು ಅದೇ ಜಾತಿಯ ವಿಮಾನ.

ಇಲ್ಲಿ ಟ್ಯಾಂಕ್ ಮೊದಲು ಮರದಲ್ಲಿ ಪೂರ್ಣ ಗಾತ್ರದ ಗ್ಲೈಡರ್ ಮಾಡಿಸಿ 1959ರಲ್ಲಿ ಹಾರಿಸಿ ನೋಡಿದರು. 1961ರ ಜೂನ್‌ನಲ್ಲಿ ಸುರಂಜನ್ ದಾಸ್ ಮಾರುತವನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ದೇಹದ ವಿನ್ಯಾಸ ಶಬ್ದದ ಎರಡು ಪಟ್ಟು ವೇಗದ ಗುರಿಯದು. ಆದರೆ ಅದಕ್ಕೆಂದು ನಂಬಿಕೊಂಡಿದ್ದ ಬ್ರಿಟನ್ನಿನ ಶಕ್ತಿಶಾಲಿ ಎಂಜಿನ್‌ನ ಕೆಲಸ ಹಣವಿಲ್ಲದೆ ನಿಂತುಹೋಯಿತು. ಖರ್ಚು ಹೊರಲು ನಮ್ಮ ಸರ್ಕಾರವೂ ಒಪ್ಪಲಿಲ್ಲ. ಕಡಿಮೆ ಬಲದ ಎರಡು ಎಂಜಿನ್‌ಗಳಲ್ಲೇ ಮಾರುತ ಕಾಲ ಹಾಕಬೇಕಾಯಿತು. ಬಲ ಹೆಚ್ಚಿಸುವ ಪ್ರಯೋಗ ನಡೆದಿದ್ದಾಗ, 1970ರ ಜನವರಿಯಲ್ಲಿ ಅದೇ ಸುರಂಜನ್ ದಾಸ್ ಅಪಘಾತದಲ್ಲಿ ತೀರಿಕೊಂಡರು.

ಟ್ಯಾಂಕ್ 1967ರಲ್ಲೇ ಎಚ್‌ಎಎಲ್ ಬಿಟ್ಟಿದ್ದರು. ಒಟ್ಟು 147 ಮಾರುತಗಳು ತಯಾರಾದವು. 1971ರ ಯುದ್ಧದಲ್ಲಿ ಅವು ರಾಜಸ್ಥಾನದ ಗಡಿಯಲ್ಲಿ ನೆಲದ ಗುರಿಗಳ ಮೇಲೆ ದಾಳಿ ನಡೆಸಿದವು. 1983ರಲ್ಲಿ ಟ್ಯಾಂಕ್ ಮ್ಯೂನಿಕ್‌ನಲ್ಲಿ ನಿಧನರಾದರು.

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ವರು ಗೆಳೆಯರು ಮಿನಿ ಪ್ರಾಜೆಕ್ಟ್‌ಗೆ ಡ್ರೋನ್ ಮಾಡಿದೆವು. ಎರಡು ತಿಂಗಳು ಚೌಕಟ್ಟು ತಿದ್ದಿದೆವು, ಬ್ಯಾಟರಿ ಆರಿಸಿದ್ದು ಕೊನೆಯ ವಾರ. ಪ್ರದರ್ಶನದ ದಿನ ಅದು ನೆಲ ಬಿಟ್ಟು ಏಳಲೇ ಇಲ್ಲ. ಅಂದಿನಿಂದ ಟ್ಯಾಂಕ್ ಅವರ ಬದುಕು ನನಗೆ ಬೇರೆಯೇ ಕಾಣುತ್ತಿದೆ. ಬಾಂಬುಗಳಿಗೂ ಬಗ್ಗದ ಅವರ ವಿಮಾನ ಒಮ್ಮೆ ಪೆಟ್ರೋಲ್ ಇಲ್ಲದೆ ಸೋತಿತು, ಇನ್ನೊಮ್ಮೆ ಎಂಜಿನ್ ಇಲ್ಲದೆ. ಎರಡೂ ಅವರ ಡ್ರಾಯಿಂಗ್ ಬೋರ್ಡಿನ ಮೇಲೆ ಇರದ ಸಂಗತಿಗಳು. ಪರೀಕ್ಷೆಯಾಗಲಿ, ಕೆಲಸದ ಹುಡುಕಾಟವಾಗಲಿ, ನಮಗೆ ಚೆನ್ನಾಗಿ ಬರುವುದನ್ನೇ ಮತ್ತೆ ಮತ್ತೆ ತಿದ್ದುತ್ತಾ ಕೂರುವ ಬದಲು, ಯಾವುದಿಲ್ಲದಿದ್ದರೆ ಎಲ್ಲವೂ ನಿಲ್ಲುತ್ತದೆ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಈ ಸಲ ನಾವು ಬ್ಯಾಟರಿಯಿಂದಲೇ ಶುರು ಮಾಡಿದ್ದೇವೆ.