ಕವಿಯೂ ಸಂಪಾದಕನೂ

ಪತ್ರಿಕೆಯ ಸಂಪಾದಕನಾದವನ ಮೇಜಿನ ಮೇಲೆ ದಿನವೂ ಹಲವಾರು ಬರಹಗಳು ಬಂದು ಸೇರುತ್ತವೆ. ಅವುಗಳಲ್ಲಿ ಕೆಲವು ಅಚ್ಚಾಗುತ್ತವೆ. ಹೆಚ್ಚಿನವು ಬರೆದವರಿಗೆ ಹಿಂದಿರುಗುತ್ತವೆ. ಆ ಕಾಗದಗಳ ಕಟ್ಟಿನ ಹಿಂದೆ ಸಾವು ಬದುಕುಗಳ ನಡುವೆ ತೂಗಾಡುತ್ತಿರುವ ಜೀವವೊಂದು ಇರಬಹುದೆಂಬ ಯೋಚನೆ ಸಾಮಾನ್ಯವಾಗಿ ಯಾರಿಗೂ ಹೊಳೆಯುವುದಿಲ್ಲ. ಆದರೆ 1887ರಲ್ಲಿ ಲಂಡನ್ ನಗರದ ಧಾರ್ಮಿಕ ಮಾಸಪತ್ರಿಕೆಯೊಂದಕ್ಕೆ ಬಂದ ಹಸ್ತಪ್ರತಿಯು ಅಂಥದ್ದಾಗಿತ್ತು. ಅದನ್ನು ಕಳುಹಿಸಿದವನು ಬೀದಿಯಲ್ಲಿ ಮಲಗುತ್ತಿದ್ದ ಒಬ್ಬ ನಿರ್ಗತಿಕ. ಮುಂದೆ ಆಂಗ್ಲ ಸಾಹಿತ್ಯದಲ್ಲಿ ಶಾಶ್ವತವಾದ ಸ್ಥಾನವನ್ನು ಪಡೆದ ಫ್ರಾನ್ಸಿಸ್ ಥಾಂಪ್ಸನ್ನನೇ ಆತ.

ಥಾಂಪ್ಸನ್ನನು 1859ರ ಡಿಸೆಂಬರ್ ತಿಂಗಳಿನಲ್ಲಿ ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತ್ಯದ ಪ್ರೆಸ್ಟನ್ ಎಂಬ ಊರಿನಲ್ಲಿ ಜನಿಸಿದನು. ಅವನ ತಂದೆ ಚಾರ್ಲ್ಸ್ ಥಾಂಪ್ಸನ್ ವೈದ್ಯನಾಗಿದ್ದನು. ಕುಟುಂಬದವರು ಶ್ರದ್ಧಾವಂತರಾದ ಕ್ಯಾಥೊಲಿಕ್ ಕ್ರೈಸ್ತರು. ಫ್ರಾನ್ಸಿಸ್ ಬಾಲ್ಯದಿಂದಲೂ ನಾಚಿಕೆಯ ಸ್ವಭಾವದವನು. ಆಟಪಾಟಗಳಿಗಿಂತ ಪುಸ್ತಕಗಳ ಸಹವಾಸವೇ ಅವನಿಗೆ ಹೆಚ್ಚು ಪ್ರಿಯವಾಗಿತ್ತು. ಮಗನು ಪಾದ್ರಿಯಾಗಬೇಕೆಂಬುದು ತಂದೆತಾಯಿಗಳ ಹಂಬಲ. ಅದಕ್ಕಾಗಿ 1870ರಲ್ಲಿ ಅವನನ್ನು ಡರ್ಹಾಮ್ ನಗರದ ಬಳಿಯ ಅಷಾ ಕಾಲೇಜಿಗೆ ಸೇರಿಸಿದರು. ಅಲ್ಲಿ ಅವನು ಏಳು ವರ್ಷ ಓದಿದನು. ಪ್ರಬಂಧ ರಚನೆಯಲ್ಲಿಯೂ ಲ್ಯಾಟಿನ್ ಭಾಷೆಯಲ್ಲಿಯೂ ಅವನು ಜಾಣನೆನಿಸಿಕೊಂಡನು. ಆದರೆ ಸದಾ ತನ್ನ ಕನಸುಗಳಲ್ಲಿಯೇ ಮುಳುಗಿರುತ್ತಿದ್ದ ಈ ತರುಣನು ಪಾದ್ರಿಯ ಕರ್ತವ್ಯಗಳಿಗೆ ತಕ್ಕವನಲ್ಲವೆಂದು ಗುರುಗಳು ನಿರ್ಣಯಿಸಿದರು. 1877ರಲ್ಲಿ ಅವನು ಮನೆಗೆ ಹಿಂದಿರುಗಬೇಕಾಯಿತು. ಜೀವನದ ಮೊದಲ ಬಾಗಿಲು ಹೀಗೆ ಮುಚ್ಚಿಕೊಂಡಿತು.

ತಂದೆಯು ಮಗನನ್ನು ತನ್ನ ವೃತ್ತಿಗೇ ಹಚ್ಚಬೇಕೆಂದು ಬಯಸಿ ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನಲ್ಲಿ ವೈದ್ಯಶಾಸ್ತ್ರದ ವ್ಯಾಸಂಗಕ್ಕೆ ಸೇರಿಸಿದನು. ರಕ್ತವನ್ನು ಕಂಡರೆ ಅಂಜುತ್ತಿದ್ದ ಥಾಂಪ್ಸನ್ನನಿಗೆ ಆ ವಿದ್ಯೆ ಸ್ವಲ್ಪವೂ ಹಿಡಿಸಲಿಲ್ಲ. ತರಗತಿಗೆಂದು ಮನೆಯಿಂದ ಹೊರಟು ಗ್ರಂಥಾಲಯದಲ್ಲಿ ಕಾವ್ಯವನ್ನು ಓದುತ್ತ ಕುಳಿತಿರುತ್ತಿದ್ದನು. ಆರು ವರ್ಷಗಳು ಕಳೆದರೂ ಪರೀಕ್ಷೆಯಲ್ಲಿ ಉತ್ತೀರ್ಣನಾಗಲಿಲ್ಲ. ತನ್ನ ಮನಸ್ಸು ಬೇರೆಲ್ಲಿಯೋ ಇದೆಯೆಂದು ತಂದೆಗೆ ತಿಳಿಸುವ ಧೈರ್ಯವೂ ಅವನಿಗೆ ಬರಲಿಲ್ಲ. ಈ ನಡುವೆ ತಾಯಿ ತೀರಿಕೊಂಡಳು. ಇದೇ ಕಾಲದಲ್ಲಿ ಅವನಿಗೆ ಇನ್ನೊಂದು ವಿಪತ್ತು ಒದಗಿತು. ಕಾಯಿಲೆಯ ನೋವನ್ನು ಕಳೆಯಲೆಂದು ಸೇವಿಸಿದ ಲಾಡನಮ್ ಎಂಬ ಔಷಧವು ಚಟವಾಗಿ ಅಂಟಿಕೊಂಡಿತು. ಅಫೀಮನ್ನು ಮದ್ಯಸಾರದಲ್ಲಿ ಕರಗಿಸಿ ತಯಾರಿಸುತ್ತಿದ್ದ ಈ ದ್ರವವು ಅಂದಿನ ಔಷಧದ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತಿತ್ತು. ನೋವನ್ನು ಮರೆಸುವ ಮದ್ದು ಕೊನೆಗೆ ಮನುಷ್ಯನನ್ನೇ ನುಂಗುತ್ತದೆಂಬ ಅರಿವು ಅವನಿಗಾದಾಗ ಕಾಲ ಮಿಂಚಿಹೋಗಿತ್ತು.

1885ರ ನವೆಂಬರಿನಲ್ಲಿ ಥಾಂಪ್ಸನ್ನನು ಮನೆಯನ್ನು ತೊರೆದು ಲಂಡನ್ನಿಗೆ ಹೊರಟನು. ಕೈಯಲ್ಲಿ ಹಣವಿರಲಿಲ್ಲ; ಗ್ರೀಕ್ ನಾಟಕಕಾರ ಈಸ್ಕಿಲಸನ ಮತ್ತು ಆಂಗ್ಲ ಕವಿ ಬ್ಲೇಕನ ಪುಸ್ತಕಗಳು ಮಾತ್ರ ಜೇಬಿನಲ್ಲಿದ್ದವು. ಆ ಮಹಾನಗರದಲ್ಲಿ ಕೆಲವು ಕಾಲ ಪುಸ್ತಕದ ಅಂಗಡಿಗೆ ಪುಸ್ತಕಗಳ ಮೂಟೆಯನ್ನು ಹೊತ್ತು ತರುವ ಕೂಲಿಯಾದನು. ಆ ಕೆಲಸವೂ ತಪ್ಪಿದ ಮೇಲೆ ಬೆಂಕಿಪೆಟ್ಟಿಗೆಗಳನ್ನು ಮಾರಿದನು. ಗಾಡಿಗಳ ಕುದುರೆಗಳನ್ನು ಹಿಡಿದು ನಿಂತು ಚಿಲ್ಲರೆ ಕಾಸು ಸಂಪಾದಿಸಿದನು. ರಾತ್ರಿ ಥೇಮ್ಸ್ ನದಿಯ ದಂಡೆಯೇ ಅವನಿಗೆ ಹಾಸಿಗೆ. ಬಟ್ಟೆ ಹರಿದು ಚಿಂದಿಯಾದುವು. ಒಮ್ಮೆ ವೈದ್ಯನ ಮನೆಯಲ್ಲಿ ಸುಖವಾಗಿ ಬೆಳೆದ ಹುಡುಗನನ್ನು ಈಗ ದಾರಿಹೋಕರು ಭಿಕ್ಷುಕನೆಂದು ದೂರ ಸರಿಯುತ್ತಿದ್ದರು.

1886ರಲ್ಲಿ ಪಾದರಕ್ಷೆಗಳ ವ್ಯಾಪಾರಿಯಾದ ಜಾನ್ ಮೆಕ್‌ಮಾಸ್ಟರ್ ಎಂಬ ಧರ್ಮಬುದ್ಧಿಯ ಗೃಹಸ್ಥನು ಈ ತರುಣನನ್ನು ಕಂಡು ಮರುಗಿದನು. ತನ್ನ ಅಂಗಡಿಯಲ್ಲಿ ಸಣ್ಣಪುಟ್ಟ ಕೆಲಸವನ್ನೂ ಇರಲು ನೆಲೆಯನ್ನೂ ಕೊಟ್ಟನು. ಅಂಗಡಿಯ ಹಳೆಯ ಲೆಕ್ಕದ ಪುಸ್ತಕಗಳ ಖಾಲಿ ಹಾಳೆಗಳು ಥಾಂಪ್ಸನ್ನನ ಪಾಲಿಗೆ ಐಶ್ವರ್ಯವಾದುವು. ಅವುಗಳ ಮೇಲೆ ಅವನು ಬರೆಯತೊಡಗಿದನು. ಆದರೆ ಅಂಗಡಿಯ ಕೆಲಸದಲ್ಲಿ ಅವನ ಗಮನ ನಿಲ್ಲುತ್ತಿರಲಿಲ್ಲ. 1887ರ ಆರಂಭದಲ್ಲಿ ಆ ಆಶ್ರಯವೂ ತಪ್ಪಿಹೋಯಿತು. ಅವನು ಮತ್ತೆ ಬೀದಿಗೆ ಬಂದನು. ಆ ವೇಳೆಗೆ ಅವನ ಬಳಿ ಒಂದು ಪ್ರಬಂಧವೂ ಕೆಲವು ಕವಿತೆಗಳೂ ಸಿದ್ಧವಾಗಿದ್ದವು.

ಆ ವರ್ಷದ ಫೆಬ್ರವರಿಯಲ್ಲಿ ಅವನು ಈ ಬರಹಗಳನ್ನು 'ಮೆರ್ರಿ ಇಂಗ್ಲೆಂಡ್' ಎಂಬ ಕ್ಯಾಥೊಲಿಕ್ ಮಾಸಪತ್ರಿಕೆಯ ಸಂಪಾದಕನಿಗೆ ಕಳುಹಿಸಿದನು. ಜೊತೆಗೆ ಒಂದು ಪತ್ರವನ್ನೂ ಇರಿಸಿದನು. ಹಸ್ತಪ್ರತಿ ಕೊಳೆಯಾಗಿರುವುದು ತನ್ನ ಅಲಕ್ಷ್ಯದಿಂದಲ್ಲ, ಬರೆಯಬೇಕಾಗಿ ಬಂದ ವಿಚಿತ್ರ ಸ್ಥಳ ಸನ್ನಿವೇಶಗಳಿಂದ ಎಂದು ಅದರಲ್ಲಿ ಕ್ಷಮೆ ಬೇಡಿದ್ದನು. ತನ್ನ ದಾರಿದ್ರ್ಯವನ್ನು ಬಣ್ಣಿಸಿ ಕನಿಕರವನ್ನು ಯಾಚಿಸಲಿಲ್ಲ. ಬರಹ ಯೋಗ್ಯವಲ್ಲವೆನಿಸಿದರೆ ಪ್ರಬಂಧವನ್ನು ಹಿಂದಿರುಗಿಸುವ ಅಗತ್ಯವಿಲ್ಲವೆಂದು ಸೂಚಿಸಿದ್ದನು. ಸ್ವಂತ ವಿಳಾಸವೆಂಬುದು ಇಲ್ಲದಿದ್ದುದರಿಂದ ಉತ್ತರವನ್ನು ಚೇರಿಂಗ್ ಕ್ರಾಸ್ ಅಂಚೆ ಕಛೇರಿಗೆ ಕಳುಹಿಸಬೇಕೆಂದು ಕೋರಿದ್ದನು.

ಆ ಸಂಪಾದಕನ ಹೆಸರು ವಿಲ್‌ಫ್ರಿಡ್ ಮೆನೆಲ್. 1852ರಲ್ಲಿ ಕ್ವೇಕರ್ ಪಂಥದ ಮನೆತನದಲ್ಲಿ ಹುಟ್ಟಿದ ಅವನು ತಾರುಣ್ಯದಲ್ಲಿ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದ್ದನು. ಅವನ ಪತ್ನಿ ಆಲಿಸ್ ಮೆನೆಲ್ ಸ್ವತಃ ಹೆಸರಾಂತ ಕವಯಿತ್ರಿ. 1883ರಲ್ಲಿ ಆರಂಭವಾದ ಮಾಸಪತ್ರಿಕೆಯ ಜೊತೆಗೆ ವಾರಪತ್ರಿಕೆಯೊಂದರ ಹೊರೆಯೂ ಮೆನೆಲ್ಲನ ಮೇಲಿತ್ತು. ಮನೆಯ ತುಂಬ ಮಕ್ಕಳು. ಇಂಥ ಕಾರ್ಯಭಾರದ ನಡುವೆ ಮಸಿ, ಮಣ್ಣುಗಳಿಂದ ಮಲಿನವಾದ ಆ ಕಾಗದದ ಕಟ್ಟು ಓದದೆಯೇ ಒಂದು ಗೂಡನ್ನು ಸೇರಿತು. ತಿಂಗಳುಗಳು ಉರುಳಿದುವು. ಇತ್ತ ಥಾಂಪ್ಸನ್ನನು ಅಂಚೆ ಕಛೇರಿಯಲ್ಲಿ ವಿಚಾರಿಸಿ ನಿರಾಶನಾಗಿ, ತನ್ನ ಬರಹ ತಿರಸ್ಕೃತವಾಯಿತೆಂದೇ ತಿಳಿದುಕೊಂಡನು.

ಸುಮಾರು ಆರು ತಿಂಗಳ ಮೇಲೆ ಮೆನೆಲ್ಲನು ಆ ಕಟ್ಟನ್ನು ಬಿಚ್ಚಿ ಓದಿದನು. ಓದಿದಂತೆಲ್ಲ ಅವನ ಬೆರಗು ಹೆಚ್ಚಿತು. ಕೊಳೆಯಾದ ಹಾಳೆಗಳ ಮೇಲೆ ಇದ್ದುದು ಅಪೂರ್ವವಾದ ಪ್ರತಿಭೆ. ಕೂಡಲೇ ಕೊಟ್ಟಿದ್ದ ವಿಳಾಸಕ್ಕೆ ಪತ್ರ ಬರೆದನು. ಆದರೆ ಪತ್ರವನ್ನು ಕೇಳಿ ಪಡೆಯುವವರಾರೂ ಬರಲಿಲ್ಲವೆಂದು ಅಂಚೆಯವರು ಅದನ್ನು ಹಿಂದಿರುಗಿಸಿದರು. ಬೇರೊಬ್ಬನಾಗಿದ್ದರೆ ತನ್ನ ಕರ್ತವ್ಯ ಮುಗಿಯಿತೆಂದು ಅಷ್ಟಕ್ಕೇ ಸುಮ್ಮನಾಗುತ್ತಿದ್ದನು. ಮೆನೆಲ್ಲನು ಹಾಗೆ ಸುಮ್ಮನಾಗಲಿಲ್ಲ. ಬರೆದವನನ್ನು ಹುಡುಕಲು ಉಳಿದಿದ್ದ ಒಂದೇ ದಾರಿಯನ್ನು ಹಿಡಿದನು. 1888ರ ಏಪ್ರಿಲ್ ಸಂಚಿಕೆಯಲ್ಲಿ ಅವನ ಕವಿತೆಗಳಲ್ಲೊಂದನ್ನು ಪ್ರಕಟಿಸಿದನು. ಏಸುವಿನ ತಾಯಿ ಮೇರಿಯ ಸಂಕಟವನ್ನು ಕುರಿತ ಕವಿತೆ ಅದು. ಕವಿಯು ಎಲ್ಲಿದ್ದರೂ ಅಚ್ಚಾದ ತನ್ನ ಹೆಸರನ್ನು ಕಂಡು ಉತ್ತರ ಕೊಡಬಹುದೆಂಬುದು ಅವನ ಆಸೆ. ಅಂಚೆಯ ಪತ್ರವು ತಲುಪದ ಕಡೆಗೆ ಪತ್ರಿಕೆಯನ್ನೇ ಪತ್ರವನ್ನಾಗಿ ಮಾಡಿ ಕಳುಹಿಸಿದಂತಾಯಿತು.

ಆ ಉಪಾಯವು ಫಲಿಸಿತು. ಕವಿತೆ ಅಚ್ಚಾದ ಸುದ್ದಿ ಥಾಂಪ್ಸನ್ನನಿಗೆ ಮುಟ್ಟಿತು. ಏಪ್ರಿಲ್ ತಿಂಗಳಿನಲ್ಲಿಯೇ ಅವನು ಸಂಪಾದಕನಿಗೆ ಪತ್ರ ಬರೆದು ಡ್ರೂರಿ ಲೇನ್ ಬೀದಿಯ ಔಷಧದ ಅಂಗಡಿಯೊಂದರ ವಿಳಾಸವನ್ನು ಕೊಟ್ಟನು. ಮೆನೆಲ್ಲನು ಒಡನೆಯೇ ಉತ್ತರ ಬರೆದನು. ಅದಕ್ಕೆ ಮರುತ್ತರ ಬಾರದಿರಲು ತಾನೇ ಆ ಅಂಗಡಿಗೆ ಹೋದನು. ಅಂಗಡಿಯವನು ಕವಿಯ ಗುಣಗಳನ್ನಲ್ಲ, ಅವನು ಕೊಡಬೇಕಾಗಿದ್ದ ಔಷಧದ ಬಾಕಿಯನ್ನು ಎತ್ತಿದನು. ತನ್ನನ್ನು ಬಂದು ಕಾಣಬೇಕೆಂದು ಹೇಳಿಕಳುಹಿಸಿ ಸಂಪಾದಕನು ಹಿಂದಿರುಗಿದನು.

ಕೆಲವು ದಿನಗಳ ತರುವಾಯ ಪತ್ರಿಕೆಯ ಕಛೇರಿಯ ಬಾಗಿಲು ಅರೆ ತೆರೆದು ಮತ್ತೆ ಮುಚ್ಚಿಕೊಂಡಿತು. ಮತ್ತೊಮ್ಮೆ ತೆರೆದು ಮುಚ್ಚಿತು. ಒಳಗೆ ಬರಲು ಹಿಂಜರಿಯುತ್ತ ನಿಂತಿದ್ದವನು ಕೊನೆಗೆ ಒಳಕ್ಕೆ ಕಾಲಿಟ್ಟನು. ಕೋಟಿನ ಒಳಗೆ ಅಂಗಿಯಿರಲಿಲ್ಲ. ಹರಿದ ಬೂಟುಗಳಲ್ಲಿ ಬರಿಯ ಕಾಲುಗಳು ಕಾಣುತ್ತಿದ್ದವು. ಉಪವಾಸದಿಂದಲೂ ಅಫೀಮಿನಿಂದಲೂ ದೇಹ ಸೊರಗಿ ಹೋಗಿತ್ತು. ಮೆನೆಲ್ಲನು ಅವನನ್ನು ಗೌರವಾನ್ವಿತ ಲೇಖಕನನ್ನು ಕಾಣುವಂತೆಯೇ ಆದರದಿಂದ ಕಂಡನು. ನೆರವು ನೀಡಲು ಮುಂದಾದನು. ಆದರೆ ಥಾಂಪ್ಸನ್ನನು ಬೀದಿಯ ಬಾಳನ್ನು ಬಿಟ್ಟು ಬರಲು ಆಗಲೇ ಒಪ್ಪಲಿಲ್ಲ.

ಅದಕ್ಕೆ ಒಂದು ಕಾರಣವಿತ್ತು. ಅವನು ಹಸಿವಿನಿಂದ ಕಂಗೆಟ್ಟಿದ್ದ ದಿನಗಳಲ್ಲಿ ಬಡ ಹುಡುಗಿಯೊಬ್ಬಳು ಅವನನ್ನು ಕಾಪಾಡಿದ್ದಳು. ಸಮಾಜವು ಹೊರದೂಡಿದ ಆಕೆ ಬೀದಿಯಲ್ಲಿಯೇ ಹೊಟ್ಟೆ ಹೊರೆಯಬೇಕಾಗಿದ್ದವಳು. ತನಗೆ ದೊರೆತ ತುತ್ತಿನಲ್ಲಿ ಅವನಿಗೂ ಪಾಲು ಕೊಟ್ಟು, ತನ್ನ ಕೋಣೆಯಲ್ಲಿ ಚಳಿಗೆ ಆಸರೆಯನ್ನು ನೀಡಿದ್ದಳು. ಅಂಥವಳನ್ನು ಬಿಟ್ಟು ತಾನೊಬ್ಬನೇ ಸುಖವನ್ನು ಅರಸುವುದು ಅವನಿಗೆ ಕೃತಘ್ನತೆಯೆನಿಸಿತು. ಅವನಿಗೆ ಹೊಸ ಸ್ನೇಹಿತರು ದೊರೆತರೆಂಬುದನ್ನು ತಿಳಿದ ಆಕೆ, ತನ್ನ ಸ್ನೇಹವು ಅವನ ಏಳಿಗೆಗೆ ಅಡ್ಡಿಯಾಗಬಾರದೆಂದು ಯಾರಿಗೂ ಹೇಳದೆ ಎಲ್ಲಿಯೋ ಮರೆಯಾದಳು. ಥಾಂಪ್ಸನ್ನನು ಲಂಡನ್ನಿನ ಬೀದಿಬೀದಿಗಳಲ್ಲಿ ಅವಳನ್ನು ಅರಸಿದನು. ಆಕೆ ಮತ್ತೆ ದೊರೆಯಲಿಲ್ಲ. ಹೆಸರೂ ಉಳಿಯದ ಆ ಹೆಣ್ಣಿನ ಔದಾರ್ಯವನ್ನು ಅವನು ಬಾಳಿನುದ್ದಕ್ಕೂ ನೆನೆದನು, ತನ್ನ ಕಾವ್ಯದಲ್ಲಿಯೂ ಸ್ಮರಿಸಿದನು.

ಆ ಬಳಿಕ ಅವನು ಮೆನೆಲ್ಲನ ಮಾತಿಗೆ ಒಪ್ಪಿದನು. ಮೊದಲು ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯಿತು. 1889ರಲ್ಲಿ ಮೆನೆಲ್ಲನು ಅವನನ್ನು ಸಸೆಕ್ಸ್ ಪ್ರಾಂತ್ಯದ ಸ್ಟಾರಿಂಗ್ಟನ್ ಎಂಬಲ್ಲಿದ್ದ ಕ್ರೈಸ್ತ ಮಠಕ್ಕೆ ಕಳುಹಿಸಿದನು. ಹಸುರು ಗುಡ್ಡಗಳ ನಡುವಣ ಆ ಪ್ರಶಾಂತ ಸ್ಥಳದಲ್ಲಿ, ಅಫೀಮನ್ನು ತ್ಯಜಿಸುವ ಯಾತನೆಯನ್ನು ಅನುಭವಿಸುತ್ತಲೇ, ಅವನ ಕವಿಹೃದಯವು ಅರಳಿತು. ಅಲ್ಲಿಂದ ಅವನು ಮೆನೆಲ್ಲನಿಗೆ ಪತ್ರಗಳನ್ನು ಬರೆಯುತ್ತ ಕವಿತೆಗಳನ್ನು ಕಳುಹಿಸುತ್ತಿದ್ದನು. ಅದೇ ವರ್ಷ ಮಹಾಕವಿ ಬ್ರೌನಿಂಗ್ ಈ ಹೊಸ ಕವಿಯ ಬರಹಗಳನ್ನು ಓದಿ, ತನ್ನ ಮೆಚ್ಚುಗೆಯನ್ನು ಸಂಪಾದಕನಿಗೆ ಪತ್ರದ ಮೂಲಕ ತಿಳಿಸಿದನು.

1890ರ ಜುಲೈ ತಿಂಗಳ 'ಮೆರ್ರಿ ಇಂಗ್ಲೆಂಡ್' ಪತ್ರಿಕೆಯಲ್ಲಿ ಥಾಂಪ್ಸನ್ನನ ಅತ್ಯಂತ ಪ್ರಸಿದ್ಧ ಕವಿತೆ 'ದಿ ಹೌಂಡ್ ಆಫ್ ಹೆವನ್' ಪ್ರಕಟವಾಯಿತು. ಸ್ವರ್ಗದ ಬೇಟೆನಾಯಿ ಎಂಬುದು ಆ ಹೆಸರಿನ ಅರ್ಥ. ಮನುಷ್ಯನ ಆತ್ಮವು ದೇವರಿಂದ ತಪ್ಪಿಸಿಕೊಂಡು ಓಡುತ್ತದೆ. ಲೋಕದ ಸುಖಗಳಲ್ಲಿ, ಪ್ರಕೃತಿಯಲ್ಲಿ, ಮಕ್ಕಳ ನಗೆಯಲ್ಲಿ ಅಡಗಲು ನೋಡುತ್ತದೆ. ದೇವರ ಪ್ರೀತಿಯಾದರೋ ಆತುರಪಡದೆ, ಬೇಸರಪಡದೆ ಅದನ್ನು ಹಿಂಬಾಲಿಸುತ್ತದೆ. ಬಳಲಿ ಬಿದ್ದ ಆತ್ಮಕ್ಕೆ, ತಾನು ಹೆದರಿ ಓಡಿದ್ದು ತನ್ನನ್ನು ಪ್ರೀತಿಸುವವನಿಂದಲೇ ಎಂಬ ಅರಿವು ಕೊನೆಯಲ್ಲಿ ಉಂಟಾಗುತ್ತದೆ. ಲಂಡನ್ನಿನ ಬೀದಿಗಳಲ್ಲಿ ದಿಕ್ಕುಗೆಟ್ಟು ಅಲೆದವನಿಗೆ ಈ ಕಥೆಯು ಕೇವಲ ಕಲ್ಪನೆಯಾಗಿರಲಿಲ್ಲ.

1893ರಲ್ಲಿ ಅವನ ಮೊದಲ ಕವನ ಸಂಗ್ರಹ ಹೊರಬಂದಿತು. ಅದನ್ನು ಮೆನೆಲ್ ದಂಪತಿಗಳಿಗೆ ಅರ್ಪಿಸಿದನು. 1895ರಲ್ಲಿ 'ಸಿಸ್ಟರ್ ಸಾಂಗ್ಸ್' ಕಾವ್ಯವೂ 1897ರಲ್ಲಿ 'ನ್ಯೂ ಪೊಯೆಮ್ಸ್' ಸಂಗ್ರಹವೂ ಪ್ರಕಟವಾದುವು. ಇವುಗಳಲ್ಲಿ ಮೊದಲನೆಯದು ಮೆನೆಲ್ಲನ ಇಬ್ಬರು ಹೆಣ್ಣುಮಕ್ಕಳಿಗಾಗಿ ರಚಿತವಾದುದು. ಆ ವರ್ಷಗಳ ಬಹುಭಾಗವನ್ನು ಅವನು ವೇಲ್ಸ್ ಸೀಮೆಯ ಪಂಟಾಸಫ್ ಎಂಬಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ನೆರೆಯಲ್ಲಿ ಕಳೆದನು. ಅಲ್ಲಿಂದಲೂ ಅವನಿಗೂ ಮೆನೆಲ್ಲನಿಗೂ ಪತ್ರವ್ಯವಹಾರ ನಡೆದೇ ಇತ್ತು. ಥಾಂಪ್ಸನ್ನನ ಪತ್ರಗಳು 1969ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಗಿವೆ. ಉಪಕಾರ ಮಾಡಿದವನೆಂಬ ಹಮ್ಮು ಸಂಪಾದಕನಲ್ಲಿರಲಿಲ್ಲ. ಉಪಕಾರ ಪಡೆದವನೆಂಬ ದೈನ್ಯಕ್ಕೆ ಅವನು ಕವಿಯಲ್ಲಿ ಎಡೆಗೊಡಲಿಲ್ಲ.

ಥಾಂಪ್ಸನ್ನನ ಬಾಳು ಪೂರ್ಣವಾಗಿ ಸರಿಹೋಯಿತೆಂದು ಹೇಳುವಂತಿಲ್ಲ. ಲಂಡನ್ನಿಗೆ ಮರಳಿದ ಮೇಲೆ ಪತ್ರಿಕೆಗಳಿಗೆ ಪುಸ್ತಕ ವಿಮರ್ಶೆಗಳನ್ನು ಬರೆದು ಜೀವಿಸಿದನು. ಅಫೀಮಿನ ಚಟವು ಮತ್ತೆ ತಲೆಯೆತ್ತಿತು. ಕಾಲಕ್ಕೆ ಸರಿಯಾಗಿ ಲೇಖನವನ್ನು ಒಪ್ಪಿಸುವುದು ಅವನಿಗೆ ಎಂದೂ ಸಾಧ್ಯವಾಗಲಿಲ್ಲ. ಇಂಥ ದಿನಗಳಲ್ಲಿಯೂ ಅವನನ್ನು ಉಲ್ಲಾಸಗೊಳಿಸುತ್ತಿದ್ದುದು ಕ್ರಿಕೆಟ್ ಆಟ. ಬಾಲ್ಯದಲ್ಲಿ ಕಂಡು ಮೆಚ್ಚಿದ ಲ್ಯಾಂಕಷೈರ್ ತಂಡದ ಹಾರ್ನ್‌ಬಿ, ಬಾರ್ಲೊ ಎಂಬ ಆಟಗಾರರನ್ನು ನೆನೆದು ಅವನು ಬರೆದ ಕವಿತೆಯು ಕ್ರಿಕೆಟ್ ಪ್ರೇಮಿಗಳಿಗೆ ಚಿರಪರಿಚಿತವಾಗಿದೆ. ಅವನ ಕಷ್ಟಕಾಲದಲ್ಲೆಲ್ಲ ಮೆನೆಲ್ಲನ ಮನೆಯ ಬಾಗಿಲು ತೆರೆದೇ ಇತ್ತು. ಕ್ಷಯರೋಗದಿಂದ ಜರ್ಜರಿತನಾದ ಕವಿಯನ್ನು ಕೊನೆಗೆ ಆಸ್ಪತ್ರೆಗೆ ಸೇರಿಸಿದವನೂ ಅವನೇ. 1907ರ ನವೆಂಬರ್ 13ರಂದು ಥಾಂಪ್ಸನ್ನನು ತನ್ನ 47ನೆಯ ವಯಸ್ಸಿನಲ್ಲಿ ನಿಧನ ಹೊಂದಿದನು.

ಸ್ನೇಹಿತನ ಕರ್ತವ್ಯ ಅಲ್ಲಿಗೇ ಮುಗಿಯಲಿಲ್ಲ. ಕವಿಯು ಬಿಟ್ಟುಹೋದ ಕಾಗದಗಳಲ್ಲಿ, ಕವಿ ಷೆಲ್ಲಿಯನ್ನು ಕುರಿತು ಸ್ಟಾರಿಂಗ್ಟನ್ನಿನಲ್ಲಿ ಬರೆದ ಪ್ರಬಂಧವೊಂದು ದೊರೆಯಿತು. 1889ರಲ್ಲಿ 'ಡಬ್ಲಿನ್ ರಿವ್ಯೂ' ಎಂಬ ಕ್ಯಾಥೊಲಿಕ್ ಪತ್ರಿಕೆಯು ನಿರಾಕರಿಸಿದ್ದ ಬರಹವದು. 1908ರಲ್ಲಿ ಅದೇ ಪತ್ರಿಕೆ ಅದನ್ನು ಪ್ರಕಟಿಸಿದಾಗ, ಆ ಸಂಚಿಕೆಯ ಪ್ರತಿಗಳೆಲ್ಲ ಮಾರಾಟವಾಗಿ ಎರಡನೆಯ ಬಾರಿ ಅಚ್ಚು ಹಾಕಬೇಕಾಯಿತು. 1913ರಲ್ಲಿ ಮೆನೆಲ್ಲನು ಥಾಂಪ್ಸನ್ನನ ಕೃತಿಗಳನ್ನು ಮೂರು ಸಂಪುಟಗಳಲ್ಲಿ ಸಂಪಾದಿಸಿ ಹೊರತಂದನು. 1948ರಲ್ಲಿ ತಾನು ತೀರಿಕೊಳ್ಳುವವರೆಗೂ ಮಿತ್ರನ ಕೀರ್ತಿಯನ್ನು ಕಾಪಾಡಿದನು.

ಪ್ರತಿಭೆಯು ತನ್ನಷ್ಟಕ್ಕೆ ತಾನೇ ಬೆಳಗುತ್ತದೆಂಬ ನಂಬಿಕೆ ಸಾಮಾನ್ಯವಾದುದು. ಥಾಂಪ್ಸನ್ನನ ಜೀವನವು ಬೇರೊಂದು ಸತ್ಯವನ್ನು ತಿಳಿಸುತ್ತದೆ. ವ್ಯಾಪಾರಿಯೊಬ್ಬನು ಕೊಟ್ಟ ಲೆಕ್ಕದ ಹಾಳೆಗಳು, ಅನಾಮಿಕಳಾದ ಹುಡುಗಿಯೊಬ್ಬಳು ಹಂಚಿಕೊಂಡ ತುತ್ತು, ಕೊಳೆಯಾದ ಹಸ್ತಪ್ರತಿಯನ್ನು ತಡವಾಗಿಯಾದರೂ ಮನಸ್ಸಿಟ್ಟು ಓದಿದ ಸಂಪಾದಕ, ಇವುಗಳಲ್ಲಿ ಯಾವ ಒಂದು ಇಲ್ಲದೆ ಹೋಗಿದ್ದರೂ ಆ ಕಾವ್ಯವು ಲೋಕಕ್ಕೆ ದಕ್ಕುತ್ತಿರಲಿಲ್ಲ. ಮೆನೆಲ್ಲನ ಮೊದಲ ಪತ್ರ ವಿಳಾಸ ತಲುಪದೆ ಹಿಂದಿರುಗಿತು. ಅವನು ಮತ್ತೊಮ್ಮೆ ಪ್ರಯತ್ನಿಸಿದುದರಿಂದ ಒಬ್ಬ ಮನುಷ್ಯನು ಬದುಕಿ ಉಳಿದನು, ಒಬ್ಬ ಕವಿಯು ಲೋಕಕ್ಕೆ ದೊರೆತನು.