ಬ್ಯಾಗ್ ಬಿಚ್ಚಿಟ್ಟ ಡಾಕ್ಟರ್

ಎಲ್ಲರೂ ಕೂತ್ಕೊಳ್ಳಿ. ಯೆರೆಮೀಯ 29ನೇ ಅಧ್ಯಾಯ ತೆಗೆದಿಟ್ಟುಕೊಳ್ಳಿ. ಪರದೇಶಕ್ಕೆ ಸೆರೆಹೋದ ಜನರಿಗೆ, ಅಲ್ಲೇ ಮನೆ ಕಟ್ಟಿ ತೋಟ ಮಾಡಿ, ಆ ಊರಿನ ಕ್ಷೇಮಕ್ಕೆ ಪ್ರಾರ್ಥಿಸಿ ಅಂತ ದೇವರು ಹೇಳಿಕಳಿಸಿದ ಅಧ್ಯಾಯ ಅದು. ಇವತ್ತು ಅದನ್ನು ಬದುಕಿ ತೋರಿಸಿದ ಒಬ್ಬ ಡಾಕ್ಟರ ಜೀವನ ಹೇಳ್ತೀನಿ.

ಮೊದಲು ನನ್ನ ತಪ್ಪು ಒಪ್ಪಿಕೊಳ್ತೀನಿ. ನಾನು ಹುಟ್ಟಿದ್ದು ಕೊಗನೊಳ್ಳಿಯಲ್ಲಿ. 2019ರ ಆಗಸ್ಟ್‌ನಲ್ಲಿ ವೇದಗಂಗಾ, ದೂಧಗಂಗಾ ತುಂಬಿ ಹರಿದವು, ನಿಪ್ಪಾಣಿ ಹತ್ತಿರ ಹೈವೇ ಮೇಲೇ ನೀರು ಬಂತು. ನೀರು ಇಳಿದ ಮೇಲೆ ಬೆಂಗಳೂರಿನಿಂದ ಒಂಬತ್ತು ಜನ ಯುವಕರನ್ನು ಕರ್ಕೊಂಡು ಪರಿಹಾರದ ಕೆಲಸಕ್ಕೆ ಹೋದೆ. ನಮ್ಮ ಬಿಡಾರ ಒಂದು ಶಾಲೆಯ ಕೋಣೆ. ಮೂರನೇ ದಿನಕ್ಕೇ ಜಗಳ ಶುರು. ಸಂಡಾಸಕ್ಕೆ ಸಾಲು, ನೆಟ್‌ವರ್ಕ್ ಇಲ್ಲ, ಊಟ ಖಾರ. ಒಬ್ಬರೂ ಬ್ಯಾಗ್ ಬಿಚ್ಚಿರಲಿಲ್ಲ. ಎಲ್ಲರೂ ವಾಪಸ್ ಹೋಗೋ ದಿನ ಎಣಿಸ್ತಿದ್ರು. ಇನ್ನು ನಾನು? ಹುಟ್ಟಿದ ಊರಲ್ಲೇ ಇರಲಾಗದೆ ರಾತ್ರಿ ನಿಪ್ಪಾಣಿಯ ಲಾಡ್ಜಿಗೆ ಹೋಗಿ ಮಲಗಿ, ಬೆಳಿಗ್ಗೆ ಬರ್ತಿದ್ದೆ.

ಆ ರಾತ್ರಿ ಲಾಡ್ಜ್‌ನಲ್ಲಿ ನಿದ್ದೆ ಬರಲಿಲ್ಲ. ನನ್ನ ಆಯಿ ನೆನಪಾದಳು. ನಮ್ಮ ಕಡೆ ಯಾರಿಗೆ ದೊಡ್ಡ ರೋಗ ಬಂದರೂ, ಚಿಕ್ಕೋಡಿ ಇರಲಿ, ರಾಯಬಾಗ, ಅಥಣಿ, ಕಾಗವಾಡ ಇರಲಿ, ಮಂದಿ ಹೊರಡೋದು ಮಿರಜಕ್ಕೆ. ಆಯಿ ಅದನ್ನು ಮಿಷನ್ ದವಾಖಾನಿ ಅಂತಿದ್ದಳು. ಅದನ್ನು ಕಟ್ಟಿದವರು ವಿಲಿಯಂ ವಾನ್ಲೆಸ್.

ವಾನ್ಲೆಸ್ ಹುಟ್ಟಿದ್ದು 1865ರಲ್ಲಿ, ಕೆನಡಾದ ಒಂಟಾರಿಯೋದಲ್ಲಿ. ಡಾಕ್ಟರಿಕೆ ಓದಿ, 1889ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ ಕಡೆಯಿಂದ ಹೆಂಡತಿ ಮೇರಿ ಜೊತೆ ಹಡಗು ಹತ್ತಿದರು. ಆಗ ಅವರಿಗೆ ಬರೀ 24 ವರ್ಷ. ನಿಮ್ಮಲ್ಲಿ ಎಷ್ಟೋ ಜನರ ವಯಸ್ಸು! ಮೊದಲು ಸಾಂಗ್ಲಿಯಲ್ಲಿ ಒಂದು ಚಿಕ್ಕ ಔಷಧಾಲಯ ತೆರೆದರು. ಬಿಸಿಲು ಹೊಸದು, ಭಾಷೆ ಹೊಸದು, ಅನ್ನ ಹೊಸದು. ಪರದೇಶಿ ಡಾಕ್ಟರ ಕೈಗೆ ಚಾಕು ಕೊಡೋಕೆ ಜನರಿಗೂ ಭಯ. ಅವರು ಕೂತು ಮರಾಠಿ ಕಲಿತರು.

ಆಮೇಲೆ ಮಿರಜಕ್ಕೆ ಬಂದರು. ಅಲ್ಲಿ ರೈಲು ಕೂಡುತ್ತಿತ್ತು, ದೂರದ ರೋಗಿಗಳು ಬರಬಹುದಿತ್ತು. ಸಂಸ್ಥಾನಿಕರು ಜಾಗ ಕೊಟ್ಟರು, 1894ರಲ್ಲಿ ಆಸ್ಪತ್ರೆ ಬಾಗಿಲು ತೆರೀತು. ಕಣ್ಣಿನ ಪೊರೆ ತೆಗೆಸಿಕೊಂಡು ಕಂಡ ಮುದುಕ ಊರಿಗೆ ಹೋಗಿ ಹೇಳಿದರೆ ಸಾಕು, ಮುಂದಿನ ರೈಲಿಗೆ ಮತ್ತಷ್ಟು ಜನ! ರೋಗಿಯ ಹಿಂದೆ ಮನೆಮಂದಿಯೂ ಗಂಟುಮೂಟೆ ಸಮೇತ ಬರೋದು ನಮ್ಮ ಕಡೆಯ ಪದ್ಧತಿ. ಆಯಿ ಕಂಡ ಮಿರಜದಲ್ಲೂ ಅಷ್ಟೇ: ಹೊರಗೆ ಒಲೆ ಹೂಡಿ ಭಕ್ರಿ ತಟ್ಟುತ್ತಿದ್ದಳಂತೆ. ದವಾಖಾನಿ ಅವಳಿಗೆ ಪರಸ್ಥಳ ಅನಿಸಲೇ ಇಲ್ಲ.

ವಾನ್ಲೆಸ್ ತಾನೊಬ್ಬನೇ ಮಾಡಿ ಹೋಗಲಿಲ್ಲ. ಇಲ್ಲಿನ ಹುಡುಗರನ್ನೇ ಕೂಡಿಸಿ ವೈದ್ಯಕೀಯ ಕಲಿಸಿದರು. ಮನೆಯವರೇ ಹೊರಗೆ ಹಾಕುತ್ತಿದ್ದ ಕುಷ್ಠರೋಗಿಗಳಿಗೆ ಆಶ್ರಯ ಆಯ್ತು, ಕ್ಷಯರೋಗಿಗಳಿಗೆ ಸ್ಯಾನಟೋರಿಯಂ ಆಯ್ತು. ಸಾಂಗ್ಲಿ-ಮಿರಜ ನಡುವೆ ಆ ಜಾಗಕ್ಕೆ ಇವತ್ತಿಗೂ ವಾನ್ಲೆಸ್‌ವಾಡಿ ಅಂತಲೇ ಹೆಸರು.

ಪ್ರಿಯರೇ, ಇದು ಸುಲಭವಾಗಿ ಆಗಲಿಲ್ಲ. ಈ ಸೇವೆಯ ವರ್ಷಗಳಲ್ಲೇ ಮೇರಿ ತೀರಿಕೊಂಡರು. ಜೊತೆಗೆ ಹಡಗು ಹತ್ತಿದವಳೇ ಇಲ್ಲವಾದಾಗ ಪೆಟ್ಟಿಗೆ ಕಟ್ಟಿಕೊಂಡು ಹೊರಟಿದ್ದರೆ ಯಾರು ತಪ್ಪು ಹುಡುಕುತ್ತಿದ್ದರು? ಅವರು ಹೋಗಲಿಲ್ಲ. 1928ರವರೆಗೆ, ಹತ್ತಿರ ಹತ್ತಿರ 40 ವರ್ಷ ದುಡಿದರು. ಬ್ರಿಟಿಷ್ ಸರಕಾರ ಸರ್ ಪದವಿ ಕೊಟ್ಟಿತು. 1933ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಆದರೆ ಅವರ ಹೆಸರು ಉಳಿದದ್ದು ಇಲ್ಲಿ, ನಮ್ಮ ಆಯಿಯಂಥವರ ಬಾಯಲ್ಲಿ.

ಮರುದಿನ ನಾನು ಲಾಡ್ಜ್ ಖಾಲಿ ಮಾಡಿ ಶಾಲೆಗೆ ಬಂದೆ. ಹುಡುಗರ ಮುಂದೆ ಕ್ಷಮೆ ಕೇಳಿ, ಈ ಕಥೆ ಹೇಳಿ, ಮೊದಲು ನನ್ನ ಬ್ಯಾಗ್ ಬಿಚ್ಚಿದೆ. ಆಮೇಲೆ ಒಬ್ಬ ಬಟ್ಟೆ ಒಣಗಿಸೋಕೆ ಹಗ್ಗ ಕಟ್ಟಿದ. ಒಬ್ಬಳು ಬಾಗಿಲಲ್ಲಿ ಚಪ್ಪಲಿ ಸಾಲಾಗಿಟ್ಟು ರಂಗೋಲಿ ಎಳೆದಳು. ಸಂಡಾಸ ತೊಳೆಯೋ ಪಾಳಿಯಲ್ಲಿ ನನ್ನ ಹೆಸರೇ ಮೊದಲು ಬರೆದೆವು. ಸಂಜೆ ಮನೆ ಕಳಕೊಂಡ ಅವ್ವಂದಿರ ಜೊತೆ ಕೂತು ಊಟ ಮಾಡಿದೆವು. ಖಾರ ಹಾಗೇ ಇತ್ತು, ನೆಟ್‌ವರ್ಕ್ ಬರಲಿಲ್ಲ. ಜಗಳ ಮಾತ್ರ ನಿಂತಿತು. ನಾವು ನಮ್ಮ ಬಿಡಾರ ಮನೆ ಮಾಡಿಕೊಂಡ ಮೇಲೆ, ಆ ಅವ್ವಂದಿರೂ ನಮ್ಮ ಹತ್ತಿರ ಬಂದು ಕೂತು ಅಳೋಕೆ ಶುರು ಮಾಡಿದರು. ಅಲ್ಲಿವರೆಗೆ ಸಾಮಾನು ತಗೊಂಡು ಹೋಗ್ತಿದ್ರು, ಅಷ್ಟೇ.

ತಮ್ಮಂದಿರೇ, ತಂಗಿಯಂದಿರೇ, ನೀವು ಪಿಜಿಯಲ್ಲಿ ಇರಬಹುದು, ಬೇಡದ ಊರಿಗೆ ಪೋಸ್ಟಿಂಗ್ ಆಗಿರಬಹುದು. ಎರಡು ವರ್ಷದಿಂದ ಬ್ಯಾಗ್ ಕಟ್ಟೇ ಇಟ್ಟು ಕಾಯ್ತಿದ್ದೀರಾ? ಪಕ್ಕದ ರೂಮಿನವರ ಹೆಸರು ಗೊತ್ತಾ? ದೇವರು ಇಟ್ಟ ಜಾಗದಲ್ಲಿ ಅತಿಥಿಯಾಗಿ ಇರಬೇಡಿ. ಇವತ್ತು ರೂಮಿಗೆ ಹೋಗಿ ಬ್ಯಾಗ್ ಬಿಚ್ಚಿ, ಪಕ್ಕದ ಬಾಗಿಲು ತಟ್ಟಿ.

ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥಿಸೋಣ. ಕರ್ತನೇ, ನೀನು ನಮ್ಮನ್ನು ಇಟ್ಟ ಊರನ್ನು ಪ್ರೀತಿಸುವ ಮನಸ್ಸು ಕೊಡು. ಯೇಸುವಿನ ನಾಮದಲ್ಲಿ, ಆಮೆನ್.